ಪತ್ರಿಕಾ ಸ್ವಾತಂತ್ರ್ಯ ಫುಲ್ ಇದೆ, ಪೇಪರ್ ಮಾತ್ರ ಕಸ್ಟಮ್ಸಲ್ಲಿದೆ

ಪತ್ರಿಕೆ ಬ್ಯಾನ್ ಮಾಡೋ ಸರ್ಕಾರಗಳೆಲ್ಲ ಹಳೇ ಕಾಲದವು ಸ್ವಾಮಿ. ಬ್ಯಾನ್ ಮಾಡಿದ್ರೆ ಏನಾಗುತ್ತೆ ಹೇಳಿ, ಬೆಳಗಾಗೋದ್ರೊಳಗೆ ವಿಶ್ವಸಂಸ್ಥೆಯವರು ಪತ್ರ ಬರೀತಾರೆ, ಯುರೋಪಿನವರು ತೀವ್ರ ಕಳವಳ ವ್ಯಕ್ತಪಡಿಸ್ತಾರೆ, ಆ ಸಂಪಾದಕನಿಗೆ ಯಾವುದೋ ಇಂಟರ್‌ನ್ಯಾಷನಲ್ ಪ್ರಶಸ್ತಿ ಬೇರೆ ಬಂದ್ಬಿಡುತ್ತೆ, ಇಷ್ಟೆಲ್ಲ ತಲೆನೋವು ಯಾರಿಗೆ ಬೇಕು. ಈಗಿನ ಬುದ್ಧಿವಂತ ದೊರೆಗಳು ಏನ್ಮಾಡ್ತಾರಪ್ಪಾ ಅಂದ್ರೆ ಮೇ 3ನೇ ತಾರೀಕು ವಿಶ್ವ ಪತ್ರಿಕಾ ಸ್ವಾತಂತ್ರ್ಯ ದಿನಕ್ಕೆ ಒಳ್ಳೆ ಭಾಷಣ ಹೊಡೀತಾರೆ, ಶುಭಾಶಯದ ಟ್ವೀಟ್ ಹಾಕ್ತಾರೆ, ಆಮೇಲೆ ಪೇಪರ್ ಬರೋ ದಾರೀಲಿ ಒಬ್ಬ ಗುಮಾಸ್ತನ್ನ ಕೂರಿಸ್ತಾರೆ. ಅವನಿಗೆ ರಾಜಕೀಯ ಬೇಡ, ಸಿದ್ಧಾಂತ ಬೇಡ, ಅವನಿಗೆ ಬರೋದು ಒಂದೇ ಡೈಲಾಗು, "ನಿಮ್ಮ ಫೈಲು ಇನ್ನೂ ಮೇಲಿಂದ ಬಂದಿಲ್ಲ".

ಕಾನೂನು ಪುಸ್ತಕ ತೆಗೆದ್ರೆ ಪ್ರಪಂಚದಲ್ಲಿ ಪತ್ರಿಕಾ ಸ್ವಾತಂತ್ರ್ಯಕ್ಕೆ ಬರಗಾಲವೇ ಇಲ್ಲ ನೋಡಿ. ಉತ್ತರ ಕೊರಿಯಾದ ಸಂವಿಧಾನದ 67ನೇ ವಿಧಿ ಓದಿ, ಮಾತಾಡೋ ಸ್ವಾತಂತ್ರ್ಯ, ಪತ್ರಿಕಾ ಸ್ವಾತಂತ್ರ್ಯ, ಸಭೆ ಸೇರೋ ಸ್ವಾತಂತ್ರ್ಯ, ಮೆರವಣಿಗೆ ಮಾಡೋ ಸ್ವಾತಂತ್ರ್ಯ, ಎಲ್ಲಾ ಗ್ಯಾರಂಟಿ. ನಮ್ಮ ಸಂವಿಧಾನದ 19ನೇ ವಿಧಿಯಲ್ಲಿ ಪಾಪ ಪತ್ರಿಕೆ ಅನ್ನೋ ಹೆಸರೇ ಇಲ್ಲ, ವಾಕ್ ಸ್ವಾತಂತ್ರ್ಯದೊಳಗೇ ಇದೂ ಸೇರ್ಕೊಂಡಿದೆ ಅಂತ ಕೋರ್ಟು ಹೇಳಿದ್ದಕ್ಕೆ ಬಂಡಿ ನಡೀತಿದೆ. ಬರವಣಿಗೆ ಲೆಕ್ಕದಲ್ಲಿ ಪ್ಯೊಂಗ್ಯಾಂಗ್ ನಮಗಿಂತ ಮುಂದು ಅಂತಾಯ್ತು. ಅಲ್ಲಿ ಸಣ್ಣದೊಂದು ಷರತ್ತು ಅಷ್ಟೇ, ರೊಡೊಂಗ್ ಸಿನ್ಮುನ್ ಪತ್ರಿಕೆ ಮಡಚೋವಾಗ ನಾಯಕರ ಮುಖದ ಮೇಲೆ ಮಡಿಕೆ ಬೀಳಬಾರದು. ನಾಯಕರ ಮುಖದ ಮೇಲೇ ಬಿಸಿ ಬಿಸಿ ಮಿರ್ಚಿ ಬಜ್ಜಿ ಇಟ್ಟು ಕಟ್ಟಿಕೊಡೋ ನಮ್ಮಂಥವರಿಗೆ ಆ ಶಿಸ್ತು ಅರ್ಥ ಆಗಲ್ಲ ಬಿಡಿ.

ಇದರಲ್ಲಿ ನಿಜವಾದ ಗುಟ್ಟು ಕಂಡುಹಿಡಿದಿದ್ದು ಸ್ಟಾಲಿನ್. 1936ರ ಸೋವಿಯತ್ ಸಂವಿಧಾನದ 125ನೇ ವಿಧಿಯಲ್ಲಿ ಪತ್ರಿಕಾ ಸ್ವಾತಂತ್ರ್ಯ ಕೊಟ್ಟಿದ್ದೀವಿ ಅಂತ ಬರೆದು ಸುಮ್ಮನಾಗಲಿಲ್ಲ, ಅದು ಹೇಗೆ ಅನ್ನೋದನ್ನೂ ಬರೆದ್ರು, ಪ್ರಿಂಟಿಂಗ್ ಪ್ರೆಸ್ಸು ಮತ್ತೆ ಕಾಗದದ ದಾಸ್ತಾನು ದುಡಿಯೋ ಜನರ ಕೈಗೆ ಒಪ್ಪಿಸೋ ಮೂಲಕ ಅಂತ. ಕಾಗದದ ದಾಸ್ತಾನು! ಎಷ್ಟು ಜನ ತತ್ವಜ್ಞಾನಿಗಳು ಸ್ವಾತಂತ್ರ್ಯ ಎಲ್ಲಿದೆ ಎಲ್ಲಿದೆ ಅಂತ ಹುಡುಕಾಡಿದ್ರು, ಅದು ಗೋಡೌನಲ್ಲಿತ್ತು. ಬೀಗದ ಕೈ ಯಾವ ದುಡಿಯೋ ಜನರ ಸೊಂಟದಲ್ಲಿತ್ತು ಅಂತ ಮಾತ್ರ ಸಂವಿಧಾನದಲ್ಲಿ ಬರೆದಿರಲಿಲ್ಲ.

ಈ ಗೋಡೌನ್ ಶಾಸ್ತ್ರದಲ್ಲಿ ಈಗಿನ ಕಾಲದ ಪಿಎಚ್‌ಡಿ ಅಂದ್ರೆ ನಿಕರಾಗುವಾ. ಮಧ್ಯ ಅಮೆರಿಕದ ಸಣ್ಣ ದೇಶ, ಅಲ್ಲಿ ಲಾ ಪ್ರೆನ್ಸಾ ಅಂತ 1926ರಲ್ಲಿ ಶುರುವಾದ ಪತ್ರಿಕೆ. ಅದರ ಇತಿಹಾಸ ಕೇಳಿದ್ರೆ ಮೆಗಾ ಸೀರಿಯಲ್ಲೇ ಮಾಡಬಹುದು, ಸೊಮೋಸಾ ಅನ್ನೋ ಮನೆತನದ ಸರ್ವಾಧಿಕಾರ ಇದ್ದಾಗ 1978ರ ಜನವರಿಯಲ್ಲಿ ಅದರ ಸಂಪಾದಕ ಪೆದ್ರೋ ಹೊಆಕಿನ್ ಚಮೋರೋ ಅವರನ್ನ ನಡುರಸ್ತೇಲಿ ಗುಂಡಿಟ್ಟು ಕೊಂದ್ರು, ಜನ ದಂಗೆ ಎದ್ರು, ಮರುವರ್ಷ ಸರ್ವಾಧಿಕಾರಿ ಓಡಿಹೋದ, ಕ್ರಾಂತಿಕಾರಿ ಡೇನಿಯಲ್ ಒರ್ಟೇಗಾ ಅವರ ಕಡೆಯೋರು ಬಂದ್ರು, ಬಂದ ಕೆಲವೇ ವರ್ಷಕ್ಕೆ ಅವರೂ ಅದೇ ಪತ್ರಿಕೆಗೆ ಬೀಗ ಹಾಕಿದ್ರು, ಆಮೇಲೆ 1990ರ ಚುನಾವಣೇಲಿ ಆ ಕೊಲೆಯಾದ ಸಂಪಾದಕರ ಹೆಂಡತಿ ವಿಯೊಲೇಟಾ ಚಮೋರೋ ಅವರೇ ನಿಂತು ಒರ್ಟೇಗಾ ಅವರನ್ನ ಸೋಲಿಸಿ ಅಧ್ಯಕ್ಷೆ ಆಗ್ಬಿಟ್ರು. ಒಂದು ಪತ್ರಿಕೆ ಮುಚ್ಚಿಸಿದ್ರೆ ಏನೇನಾಗುತ್ತೆ ಅನ್ನೋ ಪಾಠ ಒರ್ಟೇಗಾ ಅವರಿಗೆ ಚೆನ್ನಾಗಿ ತಲೆಗೆ ಹತ್ತಿರಬೇಕು. 2007ರಲ್ಲಿ ಮತ್ತೆ ಕುರ್ಚಿ ಸಿಕ್ಕಾಗ ಬ್ಯಾನ್ ಗೀನ್ ತಂಟೆಗೆ ಹೋಗಲಿಲ್ಲ.

2018ರಲ್ಲಿ ಜನ ಬೀದಿಗೆ ಬಂದ್ರು, ನೂರಾರು ಜನ ಸತ್ರು, ಲಾ ಪ್ರೆನ್ಸಾ ಎಲ್ಲಾನೂ ಬರೀತು. ಅದೇ ವರ್ಷ ಆ ಪತ್ರಿಕೆ ವಿದೇಶದಿಂದ ತರಿಸಿದ್ದ ಕಾಗದ, ಇಂಕು ಎಲ್ಲಾ ಕಸ್ಟಮ್ಸಲ್ಲಿ ನಿಂತುಹೋಯ್ತು. ಯಾಕೆ ನಿಂತಿತು? ಪರಿಶೀಲನೆ. ಸಂಭಾಷಣೆ ಹೇಗಿತ್ತೋ ಏನೋ, ಆದ್ರೆ ತಾಲೂಕಾಫೀಸು ನೋಡಿದ ಯಾವ ಕನ್ನಡಿಗನಿಗೂ ಅದನ್ನ ಊಹಿಸ್ಕೊಳ್ಳೋದು ಕಷ್ಟ ಅಲ್ಲ.

"ಸಾರ್, ನಮ್ಮ ಕಾಗದ ಬಂದು ತಿಂಗಳಾಯ್ತು."
"ಬಂದಿದೆಯಲ್ರೀ, ಬಂದಿಲ್ಲ ಅಂತ ಯಾರಂದ್ರು."
"ಮತ್ತೆ ಬಿಡಿ ಸಾರ್."
"ನೋಡ್ಬೇಕಲ್ರೀ, ಕಾಗದ ಅಂದ್ರೆ ಏನೇನೋ ಇರುತ್ತೆ."
"ಏನೂ ಇಲ್ಲ ಸಾರ್, ಖಾಲಿ ಕಾಗದ."
"ಅದಕ್ಕೇ ನೋಡ್ತಿರೋದು. ಖಾಲಿ ಇದೆ, ನಾಳೆ ನೀವು ಏನ್ ಬರೀತೀರೋ ಯಾರಿಗ್ಗೊತ್ತು."

ಹೀಗೆ ಹೆಚ್ಚುಕಮ್ಮಿ ಒಂದೂವರೆ ವರ್ಷ ಪರಿಶೀಲನೆ ನಡೀತು ಅಂದ್ರೆ ನಂಬ್ತೀರಾ. ಪತ್ರಿಕೆ ಪುಟ ಕಮ್ಮಿ ಮಾಡ್ತಾ ಮಾಡ್ತಾ ಬಂತು, 2019ರ ಜನವರಿಲಿ ಒಂದಿನ ಮುಖಪುಟವನ್ನೇ ಖಾಲಿ ಬಿಟ್ಟು ಅಚ್ಚು ಹಾಕಿದ್ರು, ಅದೇ ವರ್ಷ ಸೆಪ್ಟೆಂಬರಲ್ಲಿ ಇನ್ನೊಂದು ದಿನಪತ್ರಿಕೆ ಎಲ್ ನುಯೆವೋ ದಿಯಾರಿಯೋ ಕೈಯೆತ್ತಿ ಬಾಗಿಲು ಹಾಕ್ಕೊಂಡ್ತು. ಕೊನೆಗೆ ಯಾರು ಮಧ್ಯಸ್ಥಿಕೆಗೆ ಬಂದ್ರು ಗೊತ್ತಾ, ವ್ಯಾಟಿಕನ್ನಿನ ರಾಯಭಾರಿ! ಪೋಪ್ ಪ್ರತಿನಿಧಿ ಬಂದು ಮಾತಾಡಿದ ಮೇಲೆ 2020ರ ಫೆಬ್ರವರಿಯಲ್ಲಿ ನ್ಯೂಸ್‌ಪ್ರಿಂಟಿಗೆ ಮೋಕ್ಷ ಸಿಕ್ತು. ಮನುಷ್ಯರ ಆತ್ಮಕ್ಕೆ ಮುಕ್ತಿ ಕೊಡಿಸೋರು ಕಾಗದದ ರೋಲಿಗೆ ಮುಕ್ತಿ ಕೊಡಿಸೋ ಹಾಗಾಯ್ತು. (ಆ ರಾಯಭಾರಿಯನ್ನೂ 2022ರಲ್ಲಿ ಗಂಟುಮೂಟೆ ಕಟ್ಟಿಸಿ ದೇಶದಿಂದ ಕಳಿಸಿದ್ರು, ಅದು ಬೇರೆ ಕತೆ.)

2021ರ ಆಗಸ್ಟಲ್ಲಿ ಎರಡನೇ ಅಂಕ. ಮತ್ತೆ ಕಾಗದ ಕಸ್ಟಮ್ಸಲ್ಲಿ ಲಾಕು, ಪತ್ರಿಕೆಯವರು ಇನ್ನು ಅಚ್ಚು ಹಾಕಕ್ಕೆ ಆಗಲ್ಲ ಅಂತ ಪ್ರಕಟಿಸಿದ್ರು, ಮಾರನೇ ದಿನ ಪೊಲೀಸರು ಆಫೀಸಿಗೆ ನುಗ್ಗಿದ್ರು. ಕೇಸ್ ಏನು ಹಾಕಿದ್ರು ಅಂತೀರಿ, ಕಸ್ಟಮ್ಸ್ ವಂಚನೆ ಮತ್ತೆ ಹಣ ಅಕ್ರಮ ವರ್ಗಾವಣೆ! ಯಾರ ಕಾಗದವನ್ನ ಕಸ್ಟಮ್ಸಿನವರು ಹಿಡ್ಕೊಂಡು ಕೂತಿದ್ರೋ ಅವರೇ ಕಸ್ಟಮ್ಸಿಗೆ ಮೋಸ ಮಾಡಿದ್ದು ಅಂತ. ಮ್ಯಾನೇಜರ್ ಹುವಾನ್ ಲೊರೆಂಜೋ ಹೋಲ್ಮನ್ ಅವರಿಗೆ 9 ವರ್ಷ ಜೈಲು ಅಂತ ತೀರ್ಪಾಯ್ತು, 2023ರ ಫೆಬ್ರವರಿಯಲ್ಲಿ ಇನ್ನೂರಕ್ಕೂ ಹೆಚ್ಚು ರಾಜಕೀಯ ಕೈದಿಗಳ ಜೊತೆ ವಿಮಾನ ಹತ್ತಿಸಿ ಅಮೆರಿಕಕ್ಕೆ ಗಡೀಪಾರು ಮಾಡಿದ್ರು. ಪತ್ರಿಕೆಯ ಬಿಲ್ಡಿಂಗು? ಸರ್ಕಾರ ವಶಪಡಿಸಿಕೊಂಡು ಸಾಂಸ್ಕೃತಿಕ ಕೇಂದ್ರ ಮತ್ತೆ ಪಾಲಿಟೆಕ್ನಿಕ್ ಮಾಡ್ತು, ಹೆಸರಿಗೆ ಒಬ್ಬ ಕವಿಯನ್ನ ಹಿಡ್ಕೊಂಡು ಬಂದ್ರು. ಮಕ್ಕಳ ವಿದ್ಯಾಭ್ಯಾಸಕ್ಕೆ ಅಡ್ಡ ಬರ್ತೀರಾ ಅಂತ ಕೇಳಿದ್ರೆ ಯಾವ ಹೋರಾಟಗಾರ ತಾನೆ ಏನ್ ಉತ್ತರ ಕೊಡ್ತಾನೆ.

ಹಂಗಂತ ಅಲ್ಲಿ ಸುದ್ದಿಗೇನೂ ಕೊರತೆ ಇಲ್ಲ ಕಣ್ರಪ್ಪ. ಅಧ್ಯಕ್ಷರ ಹೆಂಡತಿ ರೊಸಾರಿಯೋ ಮುರಿಯೋ ಅವರು ಮೊದಲು ಉಪಾಧ್ಯಕ್ಷೆ ಆಗಿದ್ರು, 2025ರಲ್ಲಿ ಸಂವಿಧಾನ ತಿದ್ದಿ ಸಹ-ಅಧ್ಯಕ್ಷೆ ಆಗಿದ್ದಾರೆ, ಮಧ್ಯಾಹ್ನ ಊಟದ ಹೊತ್ತಿಗೆ ಅವರದೇ ದನಿಯಲ್ಲಿ ದೇಶದ ಸಮಾಚಾರ ಬರುತ್ತೆ. ಹಲವು ಟಿವಿ ಚಾನೆಲ್‌ಗಳನ್ನ ಮಕ್ಕಳು ನೋಡ್ಕೋತಾರೆ. ಬೇರೆ ಮನೆಗಳಲ್ಲೂ ಮಕ್ಕಳು ಟಿವಿ ನೋಡ್ತಾರೆ, ಇಲ್ಲಿ ನೋಡ್ಕೋತಾರೆ, ಅಷ್ಟೇ ವ್ಯತ್ಯಾಸ. 2025ರ ಮೇ ತಿಂಗಳಲ್ಲಿ ಯುನೆಸ್ಕೋದವರು ತಮ್ಮ ಪತ್ರಿಕಾ ಸ್ವಾತಂತ್ರ್ಯ ಪ್ರಶಸ್ತಿಯನ್ನ ಲಾ ಪ್ರೆನ್ಸಾಗೆ ಕೊಟ್ರು, ತಕ್ಷಣ ನಿಕರಾಗುವಾ ಸರ್ಕಾರ ನಾವು ಯುನೆಸ್ಕೋನೇ ಬಿಡ್ತೀವಿ ಅಂತ ಹೇಳ್ತು. ಒಂದು ಪ್ರಶಸ್ತಿಗೆ ಇಡೀ ಸಂಸ್ಥೆಯನ್ನೇ ಬಿಟ್ಟುಹೋಗೋ ಇಂಥಾ ಸಿಟ್ಟು ನಾನು ಮದುವೆ ಮನೆಯಲ್ಲಿ ಎರಡನೇ ಪಂಕ್ತಿಗೆ ಹೋಳಿಗೆ ಸಿಗದ ಬೀಗರ ಕಡೆಯವರಲ್ಲೂ ನೋಡಿಲ್ಲ.

ವೆನೆಜುವೆಲಾದಲ್ಲೂ ಇದೇ ಫಾರ್ಮುಲಾ, ಕಾಗದ ಹಂಚೋದು ಸರ್ಕಾರಿ ನಿಗಮ, ಎಲ್ ನಾಸಿಯೊನಾಲ್ ಅನ್ನೋ ದೊಡ್ಡ ಪತ್ರಿಕೆ 2018ರ ಡಿಸೆಂಬರಲ್ಲಿ ಅಚ್ಚು ನಿಲ್ಲಿಸ್ತು.

ಅಲ್ಲಿ ಕಾಗದಕ್ಕೆ ಈ ಪಾಟಿ ಪರದಾಟ, ಸಿಂಗಾಪುರದಲ್ಲಿ ಕಾಗದ ಬೇಕಾದಷ್ಟಿದೆ. ಅಲ್ಲಿ ಪತ್ರಿಕೆಗೆ ಲೈಸೆನ್ಸು ಬೇಕು, ಮ್ಯಾನೇಜ್‌ಮೆಂಟ್ ಷೇರು ಅಂತ ಒಂದು ಮಾಡಿ ಕೆಲವು ವಿಷಯಕ್ಕೆ ಅದಕ್ಕೆ ಮಾಮೂಲಿ ಷೇರಿನ 200 ಪಟ್ಟು ವೋಟು ಕೊಟ್ಟು, ಆ ಷೇರು ಯಾರ ಹತ್ರ ಇರ್ಬೇಕು ಅನ್ನೋದಕ್ಕೆ ಸರ್ಕಾರದ ಒಪ್ಪಿಗೆ ಬೇಕು ಅಂತ 1974ರಿಂದಲೇ ಕಾನೂನಿದೆ, ಹಾಗಾಗಿ ಜಗಳವೇ ಇಲ್ಲ, ಎಲ್ಲಾ ನೀಟು. ಅಂಥಾ ನೀಟಾದ ದೇಶದಲ್ಲಿ 2023ರಲ್ಲಿ ಹೊರಗೆ ಬಿದ್ದ ವಿಷಯ ಏನು ಅಂದ್ರೆ, ಅಲ್ಲಿನ ದೊಡ್ಡ ಪತ್ರಿಕಾ ಸಂಸ್ಥೆ ಎಸ್‌ಪಿಎಚ್ ಮೀಡಿಯಾದಲ್ಲಿ ದಿನಕ್ಕೆ 85,000ದಿಂದ 95,000 ಪ್ರತಿಗಳಷ್ಟು ಪ್ರಸಾರ ಸಂಖ್ಯೆಯನ್ನ ಜಾಸ್ತಿ ತೋರಿಸಿದ್ರಂತೆ, ಅದರಲ್ಲಿ ಒಂದಷ್ಟು ಪ್ರತಿಗಳನ್ನ ಅಚ್ಚು ಹಾಕಿ, ಎಣಿಸಿ, ನೆಟ್ಟಗೆ ನಾಶ ಮಾಡಿದ್ರಂತೆ. ಮಧ್ಯದಲ್ಲಿ ಓದುಗ ಅನ್ನೋ ತಾಪತ್ರಯವೇ ಇಲ್ಲ! ನಿಕರಾಗುವಾದಲ್ಲಿ ಓದೋರಿದ್ದಾರೆ ಕಾಗದ ಇಲ್ಲ, ಇಲ್ಲಿ ಕಾಗದ ಇದೆ ಓದೋರಿಲ್ಲ, ಈ ಎರಡು ದೇಶಕ್ಕೆ ಒಂದು ಹಡಗು ಬಿಟ್ಟಿದ್ರೆ ಕತೆ ಮುಗೀತಿತ್ತು, ಆದ್ರೆ ಅದೂ ಕಸ್ಟಮ್ಸಲ್ಲಿ ನಿಲ್ತಿತ್ತೇನೋ.

ಇನ್ನು ಹಂಗೇರಿಯವರದು ಬೇರೆ ಲೆವೆಲ್ಲು, ಯುರೋಪಿಯನ್ನರಲ್ವಾ, ಅಲ್ಲಿ ಕಸ್ಟಮ್ಸು ಪೊಲೀಸು ಇಂಥಾ ಒರಟುತನ ನಡೆಯಲ್ಲ. ನೆಪ್‌ಸಬಾದ್ಶಾಗ್ ಅಂತ ಬುಡಾಪೆಸ್ಟಿನ ದೊಡ್ಡ ವಿರೋಧಿ ದನಿಯ ಪತ್ರಿಕೆ. 2016ರ ಅಕ್ಟೋಬರ್, ಪ್ರಧಾನಿ ವಿಕ್ಟರ್ ಒರ್ಬಾನ್ ಅವರ ಸಂಪುಟದ ಮಂತ್ರಿಯೊಬ್ಬರು ಮದುವೆಗೆ ಹೆಲಿಕಾಪ್ಟರಲ್ಲಿ ಹೋದ ಸುದ್ದಿ ಆ ಹೊತ್ತಿಗೆ ಅಲ್ಲಿ ಭಾರೀ ಓಡ್ತಿತ್ತು. (ಮಂತ್ರಿ ಹೆಲಿಕಾಪ್ಟರಲ್ಲಿ ಮದುವೆಗೆ ಹೋಗೋದು ಸುದ್ದಿನಾ ಅಂತ ನಮ್ಮೂರಲ್ಲಿ ಕೇಳ್ತಾರೆ, ಕಾರಲ್ಲಿ ಹೋದ್ರೆ ನಮ್ಮಲ್ಲಿ ಸುದ್ದಿ.) ಪತ್ರಿಕೆಯ ಸಿಬ್ಬಂದಿಗೆ ಮ್ಯಾನೇಜ್‌ಮೆಂಟ್ ಏನಂತ ಹೇಳಿತ್ತು, ವಾರದ ಕೊನೇಲಿ ಹೊಸ ಆಫೀಸಿಗೆ ಶಿಫ್ಟ್ ಆಗೋದಿದೆ, ನಿಮ್ಮ ನಿಮ್ಮ ಸಾಮಾನು ಡಬ್ಬಕ್ಕೆ ತುಂಬಿಸಿಡಿ ಅಂತ. ಪಾಪ ಎಲ್ಲರೂ ಪೆನ್ನು, ಡೈರಿ, ಫೈಲು, ಟೀ ಕಪ್ಪು ಎಲ್ಲಾ ತುಂಬಿ ಟೇಪ್ ಹಚ್ಚಿಟ್ರು. 8ನೇ ತಾರೀಕು ಶನಿವಾರ ಬೆಳಿಗ್ಗೆ ಪತ್ರ ಬಂತು, ಪತ್ರಿಕೆ ನಿಲ್ಲಿಸಿದ್ದೀವಿ, ಆಫೀಸಿಗೆ ಬರೋದು ಬೇಡ, ಕಾರಣ ನಷ್ಟ. ಇದಕ್ಕಿಂತ ಅಚ್ಚುಕಟ್ಟಾಗಿ ಪತ್ರಿಕೆ ಮುಚ್ಚಿಸೋಕೆ ಸಾಧ್ಯನಾ ಹೇಳಿ, ಮುಚ್ಚೋ ಮುಂಚೆ ಪ್ಯಾಕಿಂಗನ್ನೂ ಅವರ ಕೈಲೇ ಮಾಡಿಸಿದ್ದಾರೆ!

ಅದೇ ತಿಂಗಳು ಆ ಪತ್ರಿಕೆಯ ಕಂಪನಿ ಮಾರಾಟ ಆಯ್ತು, ಕೊಂಡುಕೊಂಡ ಸಂಸ್ಥೆ ಸುತ್ತಿ ಬಳಸಿ ಲೊರಿಂಟ್ಸ್ ಮೇಸಾರೋಶ್ ಅನ್ನೋರ ಕಡೆಯದು ಅಂತ ಎಲ್ಲರೂ ಬರೆದ್ರು. ಯಾರು ಇವರು? ಒರ್ಬಾನ್ ಅವರ ಊರು ಫೆಲ್‌ಚೂತ್, ಅದೇ ಊರಲ್ಲಿ ಗ್ಯಾಸ್ ಪೈಪ್ ಫಿಟ್ಟಿಂಗ್ ಮಾಡ್ಕೊಂಡಿದ್ದವರು, ಬಾಲ್ಯದ ಸ್ನೇಹಿತ, ಊರಿನ ಮೇಯರ್ ಆದ್ರು, ಆಮೇಲೆ ನೋಡ್ತಾ ನೋಡ್ತಾ ದೇಶದ ನಂಬರ್ ಒನ್ ಶ್ರೀಮಂತ. ಹೇಗಪ್ಪಾ ಇದು ಅಂತ ಕೇಳಿದ್ರೆ ದೇವರು, ಅದೃಷ್ಟ ಮತ್ತು ವಿಕ್ಟರ್ ಒರ್ಬಾನ್, ಈ ಮೂರೂ ಕಾರಣ ಅಂತ ಅವರೇ ಹೇಳ್ಕೊಂಡಿದ್ದು ಇದೆ. ಪ್ರಾಮಾಣಿಕತೆ ಅಂದ್ರೆ ಇದಪ್ಪ, ನಮ್ಮ ಕಡೆ ಗುತ್ತಿಗೆದಾರರು ಮೊದಲಿನ ಎರಡು ಹೆಸರು ಮಾತ್ರ ಹೇಳ್ತಾರೆ.

2018ರ ನವೆಂಬರಲ್ಲಿ ಇನ್ನೂ ಮಜಾ ನಡೀತು. ಸರ್ಕಾರಕ್ಕೆ ಬೇಕಾದ ಮಾಲೀಕರೆಲ್ಲ ಒಂದೇ ದಿನ ದಾನಶೂರ ಕರ್ಣರಾಗ್ಬಿಟ್ರು, ತಮ್ಮ ಪತ್ರಿಕೆ, ರೇಡಿಯೋ, ಟಿವಿ, ವೆಬ್‌ಸೈಟು ಅಂತ 400ಕ್ಕೂ ಹೆಚ್ಚು ಮಾಧ್ಯಮಗಳನ್ನ ಒಂದು ಫೌಂಡೇಶನ್ನಿಗೆ ಬಿಟ್ಟಿ ಬರೆದುಕೊಟ್ರು. ಬಿಟ್ಟಿ! ಕೋಟಿಗಟ್ಟಲೆ ಆಸ್ತಿ, ಒಂದು ರಸೀದಿ ಇಲ್ಲ. ಇಷ್ಟೊಂದು ಮೀಡಿಯಾ ಒಂದೇ ಕಡೆ ಸೇರಿದ್ರೆ ಸ್ಪರ್ಧಾ ಆಯೋಗದವರು ಕೇಳ್ತಾರಲ್ಲ ಅನ್ನೋ ಹೊತ್ತಿಗೆ ಸರ್ಕಾರ ಇದು ರಾಷ್ಟ್ರೀಯ ಮಹತ್ವದ ವಿಷಯ ಅಂತ ಆದೇಶ ಹೊರಡಿಸ್ತು, ಆಯೋಗದವರು ಫೈಲು ಮುಚ್ಚಿ ಕಾಫಿಗೆ ಹೋದ್ರು. ಅದೇ ವರ್ಷದ ಚುನಾವಣೆ ಹೊತ್ತಲ್ಲಿ ಜಿಲ್ಲೆ ಜಿಲ್ಲೆಯ ಪತ್ರಿಕೆಗಳ ಮುಖಪುಟದಲ್ಲಿ ಒರ್ಬಾನ್ ಅವರದೇ ಒಂದೇ ಸಂದರ್ಶನ, ಒಂದೇ ಪೋಸು. ಓದುಗರಿಗೆ ಎಷ್ಟು ಅನುಕೂಲ ನೋಡಿ, ಒಂದು ಪೇಪರ್ ಓದಿದ್ರೆ ಎಲ್ಲಾ ಪೇಪರ್ ಓದಿದ ಹಾಗೆ.

ಟರ್ಕಿದು ಬೇಗ ಹೇಳಿ ಮುಗಿಸ್ತೀನಿ. 2013ರ ಜೂನಲ್ಲಿ ಇಸ್ತಾಂಬುಲ್ಲಿನ ತಕ್ಸೀಮ್ ಚೌಕ ಅಶ್ರುವಾಯು ಹೊಗೆಯಲ್ಲಿ ಮುಳುಗಿತ್ತು, ಸಿಎನ್ಎನ್ ಇಂಟರ್‌ನ್ಯಾಷನಲ್ ಅದನ್ನ ಲೈವ್ ತೋರಿಸ್ತಿತ್ತು, ಅದೇ ಹೊತ್ತಿಗೆ ಸಿಎನ್ಎನ್ ಟರ್ಕ್ ಚಾನೆಲ್ಲಲ್ಲಿ ಪೆಂಗ್ವಿನ್ ಬಗ್ಗೆ ಡಾಕ್ಯುಮೆಂಟರಿ. ಜನ ಪೆಂಗ್ವಿನ್ ಮುಖವಾಡ ಹಾಕ್ಕೊಂಡು ಪ್ರತಿಭಟನೆಗೆ ಬರಕ್ಕೆ ಶುರು ಮಾಡಿದ್ರು. ನಮ್ಮ ಚಾನೆಲ್‌ನೋರಿಗೆ ಅಷ್ಟು ದೂರದ ಅಂಟಾರ್ಕ್ಟಿಕಾಗೆ ಹೋಗೋ ಖರ್ಚೂ ಇಲ್ಲ, ಇಲ್ಲೇ ಯಾರದ್ದೋ ಸ್ಕೂಟರಿನ ಸೀಟಿನಡಿ ನಾಗರಹಾವು ಸಿಗುತ್ತೆ, ಅರ್ಧ ಗಂಟೆ ಆರಾಮಾಗಿ ಓಡುತ್ತೆ.

ಅಮೆರಿಕದಲ್ಲಿ ಸಂವಿಧಾನದ ಮೊದಲನೇ ತಿದ್ದುಪಡಿನೇ ಪತ್ರಿಕಾ ಸ್ವಾತಂತ್ರ್ಯ, ಅದನ್ನ ಮುಟ್ಟಕ್ಕಾಗಲ್ಲ. ಆದ್ರೆ ಕೋಣೆ ಸಣ್ಣದು ಅನ್ನಬಹುದು! 2025ರ ಜನವರಿಲಿ ಗಲ್ಫ್ ಆಫ್ ಮೆಕ್ಸಿಕೋಗೆ ಗಲ್ಫ್ ಆಫ್ ಅಮೆರಿಕ ಅಂತ ಟ್ರಂಪ್ ಸಾಹೇಬರು ನಾಮಕರಣ ಮಾಡಿದ್ರು, ಅಸೋಸಿಯೇಟೆಡ್ ಪ್ರೆಸ್ ಅನ್ನೋ ಸುದ್ದಿಸಂಸ್ಥೆಯೋರು ನಾವು ಹಳೇ ಹೆಸರೇ ಬರೀತೀವಿ, ಹೊಸ ಹೆಸರು ಇಟ್ಟಿದ್ದಾರೆ ಅಂತಾನೂ ಹೇಳ್ತೀವಿ ಅಂದ್ರು, ಅಷ್ಟಕ್ಕೇ ಫೆಬ್ರವರಿಲಿ ಅಧ್ಯಕ್ಷರ ಓವಲ್ ಆಫೀಸ್ ಬಾಗಿಲಲ್ಲಿ ಅವರ ವರದಿಗಾರರಿಗೆ ಎಂಟ್ರಿ ಬಂದ್. ಬರೆಯೋ ಹಕ್ಕು ನಿಮ್ಮದು, ಒಳಗೆ ಬಿಡೋ ಹಕ್ಕು ನಮ್ಮದು ಅನ್ನೋ ಧಾಟಿ. ಅದೇ ವರ್ಷ ಅಕ್ಟೋಬರಲ್ಲಿ ಪೆಂಟಗನ್ನಿನವರು, ಅಂದ್ರೆ ಅಲ್ಲಿನ ರಕ್ಷಣಾ ಇಲಾಖೆಯವರು, ಹೊಸ ನಿಯಮಕ್ಕೆ ಸಹಿ ಹಾಕಿ ಅಂದಾಗ ಬಹುಪಾಲು ವರದಿಗಾರರು ಸಹಿ ಹಾಕದೆ ಪಾಸ್ ವಾಪಸ್ ಕೊಟ್ಟು ಡಬ್ಬ ಹೊತ್ಕೊಂಡು ಹೊರಗೆ ಬಂದ್ರು. ಇಲ್ಲೂ ಡಬ್ಬ. ಈ ಉದ್ಯೋಗಕ್ಕೆ ಸೇರೋ ಹುಡುಗರು ಪೆನ್ನಿನ ಜೊತೆ ಒಂದು ರಟ್ಟಿನ ಡಬ್ಬಾನೂ ಇಟ್ಕೊಳ್ಳೋದು ವಾಸಿ.

ಇದನ್ನೆಲ್ಲ ನೋಡಿ ವಿದೇಶದವರನ್ನ ನೋಡಿ ಕಲೀಬೇಕು ಅಂತ ಯಾರಾದ್ರೂ ಅಂದ್ರೆ ನನಗೆ ಸಿಟ್ಟು ಬರುತ್ತೆ, ಯಾಕಂದ್ರೆ ಈ ವಿದ್ಯೆಯಲ್ಲಿ ನಾವೇ ಸೀನಿಯರ್ರು. 1975ರ ಜೂನ್ 25, ತುರ್ತು ಪರಿಸ್ಥಿತಿ ಬಂದ ರಾತ್ರಿ, ದಿಲ್ಲಿಯ ಬಹಾದುರ್ ಶಾ ಜಫರ್ ಮಾರ್ಗದಲ್ಲಿ, ಪತ್ರಿಕೆಗಳ ಆಫೀಸು ಸಾಲಾಗಿರೋ ರಸ್ತೇಲಿ, ಕರೆಂಟ್ ಹೋಯ್ತು. ಸೆನ್ಸಾರ್ ಆದೇಶ ಗೀದೇಶ ಎಲ್ಲಾ ಆಮೇಲೆ, ಮೊದಲು ಫ್ಯೂಸು. ಇದರಲ್ಲೂ ನಮ್ಮ ಬ್ರಾಂಡಿನ ಎಡವಟ್ಟು ಒಂದು ಆಯ್ತು, ಹಿಂದೂಸ್ತಾನ್ ಟೈಮ್ಸು, ಸ್ಟೇಟ್ಸ್‌ಮನ್ನು ಆ ರಸ್ತೇಲಿರಲಿಲ್ಲ, ಅವುಗಳಿಗೆ ಕರೆಂಟು ಬರ್ತಿದ್ದಿದ್ದೇ ಬೇರೆ ಇಲಾಖೆಯಿಂದ, ಹಾಗಾಗಿ ಅವು ಅಚ್ಚಾದ್ವು. ಇಲಾಖೆಗಳ ಮಧ್ಯೆ ಸಮನ್ವಯ ಇಲ್ಲ ಅಂತ ನಾವು ದಿನಾ ಬಯ್ಕೋತೀವಲ್ಲ, ಪ್ರಜಾಪ್ರಭುತ್ವ ಅವತ್ತು ಒಂದೆರಡು ದಿನ ಉಸಿರಾಡಿದ್ದೇ ಅದರಿಂದ. 28ಕ್ಕೆ ಇಂಡಿಯನ್ ಎಕ್ಸ್‌ಪ್ರೆಸ್ ಸಂಪಾದಕೀಯದ ಜಾಗ ಖಾಲಿ ಬಿಟ್ಟಿತು, ಅದೇ ದಿನ ಮುಂಬೈನ ಟೈಮ್ಸ್ ಆಫ್ ಇಂಡಿಯಾದ ಶ್ರದ್ಧಾಂಜಲಿ ಕಾಲಮ್ಮಲ್ಲಿ ಯಾರೋ ಪುಣ್ಯಾತ್ಮ ಡೆಮಾಕ್ರಸಿ ಅವರು ತೀರಿಕೊಂಡ್ರು ಅಂತ ದುಡ್ಡು ಕೊಟ್ಟು ಜಾಹೀರಾತು ಹಾಕಿಸಿದ್ದು, ಕೌಂಟರಲ್ಲಿ ಯಾರಿಗೂ ಹೊಳೀಲಿಲ್ಲ. ಮುಂದಿನ ವರ್ಷ ಪಿಟಿಐ, ಯುಎನ್ಐ ಸೇರಿ ನಾಲ್ಕು ಸುದ್ದಿಸಂಸ್ಥೆಗಳನ್ನ ಕಲಸಿ ಸಮಾಚಾರ್ ಅಂತ ಒಂದೇ ಮಾಡಿದ್ರು. ಹಂಗೇರಿಯವರು ಅದನ್ನ ಮಾಡೋ 42 ವರ್ಷ ಮುಂಚೆ! ಕಾಗದದ ವಿಷಯದಲ್ಲೂ ಅಷ್ಟೇ, 1972ರಲ್ಲೇ ಪತ್ರಿಕೆ 10 ಪುಟ ದಾಟಬಾರದು ಅಂತ ನ್ಯೂಸ್‌ಪ್ರಿಂಟ್ ನೀತಿ ತಂದಿದ್ವಿ, ಸುಪ್ರೀಂ ಕೋರ್ಟು ರದ್ದು ಮಾಡ್ತು. ಪೇಟೆಂಟ್ ಮಾಡಿಸಿದ್ರೆ ಒರ್ಟೇಗಾ ಅವರು ನಮಗೆ ರಾಯಲ್ಟಿ ಕಟ್ಟಬೇಕಿತ್ತು.

ನಮ್ಮ ವಿಧಾನಸೌಧವೂ ಕಮ್ಮಿ ಇಲ್ಲ. 2017ರ ಜೂನಲ್ಲಿ ಇಬ್ಬರು ಸಂಪಾದಕರಿಗೆ ಹಕ್ಕುಚ್ಯುತಿ ಅಂತ ಒಂದು ವರ್ಷ ಜೈಲು, 10,000 ರೂಪಾಯಿ ದಂಡ. ದೂರು ಶಾಸಕರದು, ವಿಚಾರಣೆ ಶಾಸಕರ ಸಮಿತಿದು, ತೀರ್ಪು ಶಾಸಕರ ಸದನದ್ದು, ಒಂದೇ ಬಿಲ್ಡಿಂಗಲ್ಲಿ ಎಲ್ಲಾ ಕೆಲಸ ಮುಗೀತು, ಸಕಾಲ ಯೋಜನೆಗೆ ಇದಕ್ಕಿಂತ ಉದಾಹರಣೆ ಬೇಕಾ. 2019ರಲ್ಲಿ ಸದನದೊಳಗೆ ಖಾಸಗಿ ಚಾನೆಲ್ ಕ್ಯಾಮೆರಾ ಬೇಡ ಅಂದ್ರು. 2021ರಲ್ಲಿ ಆರು ಮಂತ್ರಿಗಳು ಒಟ್ಟಿಗೆ ಕೋರ್ಟಿಗೆ ಹೋಗಿ 60ಕ್ಕೂ ಹೆಚ್ಚು ಮೀಡಿಯಾದವರ ಮೇಲೆ ತಡೆಯಾಜ್ಞೆ ತಂದ್ರು, ನಮ್ಮ ಬಗ್ಗೆ ಮಾನಹಾನಿ ಆಗೋಂಥದ್ದು ಏನೂ ಹಾಕಬಾರದು ಅಂತ. ಸುದ್ದಿ ಇನ್ನೂ ಹುಟ್ಟೇ ಇಲ್ಲ, ಅಷ್ಟರಲ್ಲಿ ಜಾಮೀನು. ನೆರೆ ಬಂದಾಗಲೂ ಬರ ಬಂದಾಗಲೂ ಇಷ್ಟು ಮುಂಜಾಗ್ರತೆ ತಗೊಂಡ ಮಂತ್ರಿಗಳನ್ನ ನಾನು ಕಂಡಿಲ್ಲ.

ಇಷ್ಟೆಲ್ಲ ಸಾಧನೆ ಇದ್ರೂ ಪ್ಯಾರಿಸ್ಸಿನ ರಿಪೋರ್ಟರ್ಸ್ ವಿದೌಟ್ ಬಾರ್ಡರ್ಸ್ ಅನ್ನೋರು ವರ್ಷಾವರ್ಷ ರ‍್ಯಾಂಕ್ ಪಟ್ಟಿ ಬಿಡ್ತಾರೆ, 180 ದೇಶದಲ್ಲಿ 2023ಕ್ಕೆ ನಮಗೆ 161. ಪಾರ್ಲಿಮೆಂಟಲ್ಲಿ ಕೇಳಿದಾಗೆಲ್ಲ ಸರ್ಕಾರದ ಉತ್ತರ ರೆಡಿ ಇರುತ್ತೆ, ಅವರ ಸ್ಯಾಂಪಲ್ ಸಣ್ಣದು, ಅವರ ವಿಧಾನ ಸರಿ ಇಲ್ಲ, ನಾವು ಒಪ್ಪಲ್ಲ. ಒಪ್ಪಲ್ಲ ಅಂದ್ಮೇಲೆ ಬಿಟ್ಬಿಡಬೇಕು ತಾನೆ? ಇಲ್ಲ, 2020ರಲ್ಲಿ ಇದಕ್ಕೇ ಅಂತ ಇಂಡೆಕ್ಸ್ ಮಾನಿಟರಿಂಗ್ ಸೆಲ್ ಅಂತ ಒಂದು ಸಮಿತಿ ಮಾಡಿದ್ರು. ಮಗ ಓದದೇ ಇದ್ರೂ ಪರ್ವಾಗಿಲ್ಲ, ರೀವ್ಯಾಲ್ಯುಯೇಷನ್ನಿಗೆ ಹಾಕಿ ಮಾರ್ಕ್ಸ್ ಏರಿಸೋಣ ಅನ್ನೋ ಎಸ್ಸೆಸ್ಸೆಲ್ಸಿ ಅಪ್ಪಂದಿರ ಥರ. ಸಮಿತಿಯಲ್ಲಿದ್ದ ಪತ್ರಕರ್ತ ಪಿ. ಸಾಯಿನಾಥ್ ಅವರು ಕರಡು ವರದಿ ಓದಿ ಭಿನ್ನಮತದ ಟಿಪ್ಪಣಿ ಬರೆದುಕೊಟ್ರು. ಪತ್ರಿಕಾ ಸ್ವಾತಂತ್ರ್ಯ ಚೆನ್ನಾಗಿದೆ ಅಂತ ಸಾಬೀತು ಮಾಡೋ ಸಮಿತಿಯಲ್ಲಿ ಒಬ್ಬ ಪತ್ರಕರ್ತ ಸ್ವತಂತ್ರವಾಗಿ ಬರೆದಿದ್ದು ಅಷ್ಟೇ ಯಡವಟ್ಟಾಗಿದ್ದು.

ಆದ್ರೂ ಬೇಜಾರು ಬೇಡ, ಏರಿದ್ದೂ ಉಂಟು. 2024ಕ್ಕೆ 159, 2025ಕ್ಕೆ 151. ಎರಡು ವರ್ಷಕ್ಕೆ 10 ಸ್ಥಾನ, ಇದೇ ಸ್ಪೀಡಲ್ಲಿ ಹೋದ್ರೆ 2055ಕ್ಕೆ, 2025ರಲ್ಲಿ ಫಸ್ಟ್ ಬಂದ ನಾರ್ವೆಯ ಪಕ್ಕದ ಸೀಟು ನಮ್ಮದು. ಅವತ್ತು ಎಲ್ಲಾ ಪತ್ರಿಕೆಗಳ ಮುಖಪುಟದಲ್ಲೂ ಅಭಿನಂದನೆಯ ಫುಲ್ ಪೇಜ್ ಸರ್ಕಾರಿ ಜಾಹೀರಾತು ಬರುತ್ತೆ, ಎರಡನೇ ಪುಟದಲ್ಲಿ ರಾಜ್ಯ ಸರ್ಕಾರದ್ದು, ಮೂರರಲ್ಲಿ ನಿಗಮ ಮಂಡಳಿಗಳದ್ದು, ನಾಲ್ಕರಿಂದ ಏಳರ ತನಕ ಸೈಟು ಮತ್ತೆ ಚಿನ್ನ, ಸುದ್ದಿ ಎಂಟನೇ ಪುಟದಿಂದ, ಅದೂ ಕಾಗದ ಉಳಿದಿದ್ರೆ.